ಪಳಗದ ಕಾವಲಿ: ಸ್ಟೆಂಟ್ ಹಾಕಿಸಿಕೊಂಡ ಮೇಲೆ ಸೇದಿದರೆ ಏನಾಗುತ್ತದೆ?

ದಾವಣಗೆರೆಯ ಮಂಡಿಪೇಟೆಯಲ್ಲಿ ಸ್ಟೆಂಟ್ ಎಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನವರ ಬಾಯಲ್ಲಿ ಅದು ‘ಸ್ಟಂಟ್’. “ಎರಡು ಬ್ಲಾಕ್ ಇದ್ವು, ಎರಡಕ್ಕೂ ಸ್ಟಂಟ್ ಹಾಕ್ಸೀನಿ, ಈಗ ಆರಾಮ ಅದೀನಿ” ಎಂಬ ಮಾತು ಗಲ್ಲಾಪೆಟ್ಟಿಗೆಯ ಹಿಂದೆಯೂ ಕೇಳುತ್ತದೆ, ಲಾರಿಯಿಂದ ಚೀಲ ಇಳಿಸುವ ಹಮಾಲರ ನಡುವೆಯೂ ಕೇಳುತ್ತದೆ. ಹೀಗೆ ಹೇಳಿದವರಲ್ಲೇ ಕೆಲವರು ಟೀ ಅಂಗಡಿಯ ಪಕ್ಕ ನಿಂತು ಸಿಗರೇಟು ಹಚ್ಚುತ್ತಾರೆ. ಕೇಳಿದರೆ ಉತ್ತರ ಸಿದ್ಧ: “ಬ್ಲಾಕ್ ತೆಗ್ಸಿ ಆತಲ್ಲ, ಇನ್ನೇನ್ ಭಯ?”

ಕೆಲವು ತಿಂಗಳಿಗೋ ಎರಡು ವರ್ಷಕ್ಕೋ ಅವರಲ್ಲೊಬ್ಬರಿಗೆ ಮತ್ತೆ ಎದೆನೋವು. ಆ್ಯಂಜಿಯೋಗ್ರಾಂ ಮಾಡಿದರೆ ಮುಚ್ಚಿಕೊಂಡಿರುವುದು ಬೇರೆಲ್ಲೋ ಅಲ್ಲ, ಹಿಂದೆ ತೆರೆದು ಸ್ಟೆಂಟ್ ಕೂರಿಸಿದ ಜಾಗವೇ! ಆಗ ಮನೆಯವರೆಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ತೆಗೆಸಿದ ಬ್ಲಾಕ್ ಮತ್ತೆ ಹೇಗೆ ಬಂತು? ಪಕ್ಕದ ಅಂಗಡಿಯವರದು ಇನ್ನೊಂದು ಪ್ರಶ್ನೆ. “ನಮ್ ಮಾವ ಸ್ಟಂಟ್ ಹಾಕ್ಸಿ ಹತ್ತು ವರ್ಷ ಆತು, ದಿನಾ ಸೇದ್ತಾನೆ, ಏನಾಗೈತಿ?” ಇವೆರಡರ ಜೊತೆಗೆ ವೈದ್ಯರನ್ನೇ ದಶಕಗಳ ಕಾಲ ತಬ್ಬಿಬ್ಬುಗೊಳಿಸಿದ ಮೂರನೆಯದೂ ಒಂದಿದೆ. ಹೃದಯಾಘಾತವಾಗಿ ಆಸ್ಪತ್ರೆ ಸೇರಿದವರ ದಾಖಲೆ ತೆಗೆದು ನೋಡಿದರೆ, ಧೂಮಪಾನಿಗಳೇ ಹೆಚ್ಚು ಮಂದಿ ಬದುಕಿ ಮನೆಗೆ ಹೋಗಿರುತ್ತಾರೆ.

ಈ ಮೂರಕ್ಕೂ ಉತ್ತರ ಸಿಗುವುದು ರಕ್ತನಾಳದ ಒಳಗಿನ ಒಂದು ತೆಳುವಾದ ಪದರದ ಕಥೆಯಲ್ಲಿ.

ಕೊಳಾಯಿ ಎಂಬ ತಪ್ಪು ಕಲ್ಪನೆ

ಬ್ಲಾಕ್ ಎಂದಾಗ ನಮ್ಮ ಮನಸ್ಸಿಗೆ ಬರುವುದು ತುಕ್ಕು ಕಟ್ಟಿದ ಕೊಳಾಯಿ. ಕಸ ತೆಗೆದರೆ ನೀರು ಹರಿಯುತ್ತದೆ, ಕೆಲಸ ಮುಗಿಯಿತು. ಸ್ಟೆಂಟಿನ ಬಗೆಗಿನ ತಪ್ಪು ಧೈರ್ಯವೆಲ್ಲ ಈ ಚಿತ್ರದಿಂದ ಹುಟ್ಟಿದ್ದು. ಆದರೆ ಬಲೂನು ಹಾಕಿ ಸ್ಟೆಂಟ್ ಕೂರಿಸುವಾಗ ಯಾರೂ ಏನನ್ನೂ ಹೊರಗೆ ತೆಗೆಯುವುದಿಲ್ಲ. ಕೊಬ್ಬು, ಸುಣ್ಣ, ಜೀವಕೋಶಗಳು ಸೇರಿ ಗೋಡೆಯೊಳಗೆ ಬೆಳೆದ ಉಬ್ಬನ್ನು ಬಲೂನು ಹಿಗ್ಗಿ ಪಕ್ಕಕ್ಕೆ ಒತ್ತುತ್ತದೆ. ಒತ್ತಿದ್ದು ಮರಳಿ ಕುಸಿಯದಂತೆ ಲೋಹದ ಬಲೆಯೊಂದು ಅಲ್ಲೇ ನಿಲ್ಲುತ್ತದೆ. ಉಬ್ಬು ಗೋಡೆಯಲ್ಲೇ ಉಳಿದಿರುತ್ತದೆ. ಅದನ್ನು ಬೆಳೆಸಿದ ಕಾರಣಗಳೂ ಉಳಿದಿರುತ್ತವೆ.

ರಕ್ತನಾಳದ ಗೋಡೆ ಜೀವಂತ. ರಕ್ತಕ್ಕೆ ತಾಗುವ ಅದರ ಒಳಮೈಗೆ ಒಂದೇ ಒಂದು ಕೋಶದಷ್ಟು ದಪ್ಪದ ಹೊದಿಕೆಯಿದೆ. ವೈದ್ಯರು ಎಂಡೋಥೀಲಿಯಂ ಎನ್ನುವ ಇದನ್ನು ನಾವು ಒಳಪೊರೆ ಎನ್ನೋಣ. ಬಹುಕಾಲ ಇದನ್ನು ಬರೀ ಹೊದಿಕೆ ಎಂದೇ ಎಣಿಸಲಾಗಿತ್ತು. ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮೊಲದ ರಕ್ತನಾಳದ ತುಂಡುಗಳ ಮೇಲೆ ಪ್ರಯೋಗ ಮಾಡುತ್ತಿದ್ದಾಗ, ಒಂದೇ ಔಷಧಿಗೆ ಕೆಲವು ತುಂಡುಗಳು ಸಡಿಲಗೊಂಡವು, ಕೆಲವು ಸಡಿಲಗೊಳ್ಳಲಿಲ್ಲ. ಸಡಿಲಗೊಳ್ಳದವುಗಳ ಒಳಪೊರೆ, ತುಂಡನ್ನು ಸಿದ್ಧಪಡಿಸುವಾಗ ಉಜ್ಜಿ ಹೋಗಿತ್ತು. ಪೊರೆ ಉಳಿದ ತುಂಡುಗಳಲ್ಲಿ ಅದು ಏನನ್ನೋ ಸ್ರವಿಸಿ ನಾಳವನ್ನು ಹಿಗ್ಗಿಸುತ್ತಿತ್ತು. 1980ರಲ್ಲಿ ಪ್ರಕಟವಾದ ಈ ಶೋಧ ಮುಂದೆ ನೈಟ್ರಿಕ್ ಆಕ್ಸೈಡ್ ಎಂಬ ಪುಟ್ಟ ಅನಿಲದ ಅಣುವಿನತ್ತ ಕರೆದೊಯ್ದಿತು. 1998ರಲ್ಲಿ ಫರ್ಚ್‌ಗಾಟ್, ಲೂಯಿ ಇಗ್ನಾರೊ ಮತ್ತು ಫೆರಿಡ್ ಮುರಾದ್ ಅವರಿಗೆ ನೊಬೆಲ್ ಬಂತು.

ನೈಟ್ರಿಕ್ ಆಕ್ಸೈಡಿಗೆ ಇನ್ನೂ ಒಂದು ಕೆಲಸವಿದೆ, ನಮ್ಮ ಕಥೆಗೆ ಬೇಕಾದದ್ದು ಅದು. ಡೆಂಗಿ ಬಂದ ಮನೆಗಳಿಗೆಲ್ಲ ಪ್ಲೇಟ್‌ಲೆಟ್ ಗೊತ್ತು. ಲೆಕ್ಕ ಇಳಿಯಿತೆಂದರೆ ಮನೆಮಂದಿಗೆ ನಿದ್ದೆಯಿಲ್ಲ. ಗಾಯವಾದಲ್ಲಿಗೆ ಓಡಿಬಂದು ಅಂಟಿಕೊಂಡು ರಕ್ತ ನಿಲ್ಲಿಸುವ ಕಣಗಳಿವು. ಬೆರಳು ಕುಯ್ದಾಗ ನಮ್ಮನ್ನು ಕಾಪಾಡುವ ಈ ಅಂಟುಗುಣ ಹೃದಯದ ನಾಳದೊಳಗೆ ಪ್ರಕಟವಾದರೆ ಪ್ರಾಣಕ್ಕೇ ಎರವು. ಆ ನಾಳದ ಅಗಲ ಮೂರು-ನಾಲ್ಕು ಮಿಲಿಮೀಟರು ಮಾತ್ರ. ಆರೋಗ್ಯವಂತ ಒಳಪೊರೆ ಪ್ರತಿ ಕ್ಷಣವೂ ನೈಟ್ರಿಕ್ ಆಕ್ಸೈಡ್ ಮತ್ತು ಅಂಥ ಇತರ ವಸ್ತುಗಳನ್ನು ಸ್ರವಿಸುತ್ತ, ಪ್ಲೇಟ್‌ಲೆಟ್‌ಗಳು ಗೋಡೆಗೆ ಅಂಟದಂತೆ ನೋಡಿಕೊಳ್ಳುತ್ತದೆ. ಪೊರೆ ಹರಿದ ಕಡೆ ಆ ಕಾವಲು ಇಲ್ಲ.

ಬಲೂನಿನಿಂದ ಬಲೆಯವರೆಗೆ

1977ರ ಸೆಪ್ಟೆಂಬರ್ 16ರಂದು ಜೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯ, ಎಚ್ಚರವಾಗಿದ್ದ 38 ವರ್ಷದ ರೋಗಿಯ ಹೃದಯದ ನಾಳದೊಳಗೆ ಪುಟ್ಟ ಬಲೂನು ಹಿಗ್ಗಿಸಿ ರಕ್ತ ಹರಿಯುವಂತೆ ಮಾಡಿದರು. ಮೊದಮೊದಲ ಬಲೂನುಗಳನ್ನು ಅವರು ತಯಾರಿಸಿದ್ದು ಮನೆಯ ಅಡುಗೆಕೋಣೆಯಲ್ಲಿ. ಆದರೆ ಬಲೂನಿನಿಂದ ತೆರೆದ ನಾಳಗಳಲ್ಲಿ ಹಲವು ಕೆಲವೇ ತಿಂಗಳಲ್ಲಿ ಮತ್ತೆ ಕಿರಿದಾಗುತ್ತಿದ್ದವು. ಗೋಡೆಗೆ ಆಸರೆಯಾಗಿ ಲೋಹದ ಬಲೆ ನಿಲ್ಲಿಸುವ ಯೋಚನೆ ಬಂದದ್ದು ಹಾಗೆ. 1986ರ ಮಾರ್ಚಿನಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ಜಾಕ್ ಪ್ಯುಯೆಲ್ ಮನುಷ್ಯನ ಹೃದಯದ ನಾಳಕ್ಕೆ ಮೊದಲ ಸ್ಟೆಂಟ್ ಕೂರಿಸಿದರು.

ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ಯುರೋಪಿನಲ್ಲಿ ಆ ಮೊದಲ ಸ್ಟೆಂಟ್‌ಗಳನ್ನು ಹಾಕಿಸಿಕೊಂಡ 105 ಜನರ ಫಲಿತಾಂಶ 1991ರಲ್ಲಿ ಪ್ರಕಟವಾಯಿತು. ಅವರಲ್ಲಿ 25 ಮಂದಿಯ ಸ್ಟೆಂಟ್ ಪೂರ್ತಿ ಮುಚ್ಚಿಹೋಗಿತ್ತು, ಅಂದರೆ ನಾಲ್ವರಲ್ಲಿ ಒಬ್ಬರದು. ಬಹುತೇಕ ಮುಚ್ಚಿಕೆಗಳು ಮೊದಲ ಎರಡು ವಾರಗಳಲ್ಲೇ ಆಗಿದ್ದವು. ಬರಿಲೋಹ ರಕ್ತದಲ್ಲಿ ನಿಂತರೆ ಏನಾಗುತ್ತದೆಂದು ವೈದ್ಯಲೋಕಕ್ಕೆ ಆಗ ಮನದಟ್ಟಾಯಿತು.

ಇದನ್ನು ಅರ್ಥಮಾಡಿಕೊಳ್ಳಲು ದಾವಣಗೆರೆಯವರು ಬೇರೆಲ್ಲೂ ಹೋಗಬೇಕಿಲ್ಲ, ಬೆಣ್ಣೆದೋಸೆ ಹೋಟೆಲಿನ ಒಲೆಯ ಮುಂದೆ ನಿಂತರೆ ಸಾಕು. ಅಂಗಡಿಯಿಂದ ತಂದ ಹೊಸ ಕಬ್ಬಿಣದ ಕಾವಲಿಯ ಮೇಲೆ ಹಿಟ್ಟು ಹುಯ್ದರೆ ದೋಸೆ ಏಳುವುದಿಲ್ಲ, ಕಚ್ಚಿಕೊಳ್ಳುತ್ತದೆ. ಎಣ್ಣೆ ಸವರಿ, ಕಾಯಿಸಿ, ಒರೆಸಿ, ಮತ್ತೆ ಸವರಿ ದಿನಗಟ್ಟಲೆ ಪಳಗಿಸಿದ ಮೇಲೆ ಅದರ ಮೈಗೆ ನುಣುಪಾದ ಕಪ್ಪು ಪದರ ಕೂರುತ್ತದೆ. ಆಮೇಲೆ ದೋಸೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಪಳಗುವವರೆಗೂ ಭಟ್ಟರು ಪ್ರತಿ ದೋಸೆಗೂ ಈರುಳ್ಳಿ ಹೋಳನ್ನು ಎಣ್ಣೆಯಲ್ಲಿ ಅದ್ದಿ ಒತ್ತಿ ಉಜ್ಜಬೇಕು. ಒಂದು ಸಲ ಮರೆತರೂ ಹಿಟ್ಟು ಹಿಡಿಯುತ್ತದೆ.

ಹೊಸ ಸ್ಟೆಂಟ್ ಪಳಗದ ಕಾವಲಿ. ಬಲೂನು ಹಿಗ್ಗುವಾಗ ಆ ಜಾಗದ ಒಳಪೊರೆ ಕಿತ್ತುಹೋಗಿರುತ್ತದೆ, ಅದರ ಮೇಲೆ ಪರಕೀಯ ಲೋಹ ಬಂದು ಕೂತಿರುತ್ತದೆ. ಪಕ್ಕದ ಆರೋಗ್ಯವಂತ ಕೋಶಗಳು ಮೆಲ್ಲಮೆಲ್ಲನೆ ಹಬ್ಬಿ ಲೋಹದ ಎಳೆಗಳನ್ನು ಮುಚ್ಚಿದಾಗಲೇ ಸ್ಟೆಂಟ್ ಪಳಗಿದಂತೆ. ಅಲ್ಲಿಯವರೆಗೆ ಈರುಳ್ಳಿ ಹೋಳಿನ ಕೆಲಸ ಮಾಡುವುದು ಆಸ್ಪಿರಿನ್ ಮತ್ತು ಅದರ ಜೊತೆಯ ಇನ್ನೊಂದು ಮಾತ್ರೆ, ಸಾಮಾನ್ಯವಾಗಿ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್. ಇವು ಪ್ಲೇಟ್‌ಲೆಟ್‌ಗಳ ಅಂಟುಗುಣವನ್ನು ಕುಗ್ಗಿಸುತ್ತವೆ. 1990ರ ದಶಕದ ನಡುವಿನಲ್ಲಿ ಇಂಥ ಎರಡು ಮಾತ್ರೆಗಳನ್ನು ಜೊತೆಯಾಗಿ ಕೊಡುವುದು ರೂಢಿಯಾದ ಮೇಲೆಯೇ ಸ್ಟೆಂಟ್ ನಂಬಿಕೆಗೆ ಅರ್ಹವಾಯಿತು. ಎಲುಬಿನ ಮಜ್ಜೆ ದಿನವೊಂದಕ್ಕೆ ಸುಮಾರು ಹತ್ತು ಸಾವಿರ ಕೋಟಿ ಹೊಸ ಪ್ಲೇಟ್‌ಲೆಟ್‌ಗಳನ್ನು ರಕ್ತಕ್ಕೆ ಬಿಡುತ್ತದೆ. ಇಂದಿನ ಮಾತ್ರೆ ನಾಳೆ ಹುಟ್ಟುವ ಕಣಗಳನ್ನು ತಡೆಯದು, ಅದಕ್ಕೇ ಅದನ್ನು ದಿನವೂ ನುಂಗಬೇಕು.

2002–03ರಲ್ಲಿ ಔಷಧಿ ಲೇಪಿಸಿದ ಸ್ಟೆಂಟ್‌ಗಳು ಬಂದವು. ಮೊದಲ ಲೇಪನ ಸಿರೋಲಿಮಸ್. ಪೆಸಿಫಿಕ್ ಸಾಗರದ ನಡುವಿನ ಈಸ್ಟರ್ ದ್ವೀಪದ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದಿಂದ ಬಂದ ಔಷಧಿ ಅದು. ಗಾಯ ಮಾಯುವಾಗ ಗೋಡೆಯ ಸ್ನಾಯುಕೋಶಗಳು ಅತಿಯಾಗಿ ಬೆಳೆದು ನಾಳವನ್ನು ಕಿರಿದಾಗಿಸುತ್ತವೆ. ಲೇಪನ ಆ ಬೆಳವಣಿಗೆಯನ್ನು ತಡೆಯುತ್ತದೆ. ಆದರೆ ಅದೇ ಔಷಧಿ ಒಳಪೊರೆ ಹಬ್ಬುವುದನ್ನೂ ನಿಧಾನಿಸುತ್ತದೆ. ಬರಿಲೋಹದ ಸ್ಟೆಂಟಿನಲ್ಲಿ ವಾರಗಳಲ್ಲಿ ಮುಗಿಯುತ್ತಿದ್ದ ಪಳಗುವಿಕೆ ಇಲ್ಲಿ ತಿಂಗಳುಗಳವರೆಗೆ ಎಳೆಯುತ್ತದೆ. ಇಂದಿನ ಸ್ಟೆಂಟ್‌ಗಳ ಎಳೆಗಳು 60ರಿಂದ 80 ಮೈಕ್ರಾನ್, ಹೆಚ್ಚುಕಡಿಮೆ ತಲೆಕೂದಲಿನ ದಪ್ಪ. ಎಳೆ ತೆಳುವಾದಷ್ಟೂ ಅದು ಬೇಗ ಮುಚ್ಚಿಕೊಳ್ಳುತ್ತದೆ. ಒಟ್ಟಿನಲ್ಲಿ ಗಡ್ಡೆ ಕಟ್ಟುವ ಅಪಾಯ ಈಗ ಬಹಳ ಇಳಿದಿದೆ, ಮೊದಲ ವರ್ಷದಲ್ಲಿ ನೂರರಲ್ಲಿ ಒಬ್ಬರಿಗೆ ಅಥವಾ ಅದಕ್ಕೂ ಕಡಿಮೆ. ಆದರೆ ಆ ಒಬ್ಬರಿಗೆ ಅದು ನಿಮಿಷಗಳಲ್ಲಿ ಬಂದೆರಗುವ ದೊಡ್ಡ ಹೃದಯಾಘಾತ.

ಪಳಗಿಸಿದ್ದನ್ನು ಉಜ್ಜಿ ತೆಗೆಯುವ ಹೊಗೆ

ಈಗ ಆ ಕಾವಲಿಯನ್ನು ಯಾರೋ ದಿನಕ್ಕೆ ಹತ್ತು ಸಲ ಬೂದಿ ಹಾಕಿ ಕಬ್ಬಿಣದ ನಾರಿನಿಂದ ತಿಕ್ಕಿದರೆ? ಧೂಮಪಾನ ಸ್ಟೆಂಟಿಗೆ ಮಾಡುವುದು ಬಹುಮಟ್ಟಿಗೆ ಇದನ್ನೇ.

ತಂಬಾಕಿನ ಹೊಗೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ತೀರಾ ಚುರುಕಾದ, ಸಿಕ್ಕಿದ್ದನ್ನು ಕೆಡಿಸುವ ಕಣಗಳು ಶ್ವಾಸಕೋಶ ದಾಟಿ ರಕ್ತಕ್ಕೆ ಇಳಿಯುತ್ತವೆ. ನೈಟ್ರಿಕ್ ಆಕ್ಸೈಡ್ ಅವುಗಳ ಮೊದಲ ಬಲಿ. ಒಳಪೊರೆ ಸ್ರವಿಸಿದ ಅನಿಲ ಕೆಲಸಕ್ಕೆ ಇಳಿಯುವ ಮೊದಲೇ ನಾಶವಾಗುತ್ತದೆ. ಸ್ರವಿಸುವ ಯಂತ್ರವೂ ಹಾಳಾಗುತ್ತದೆ. ಪೊರೆ ಕಣ್ಣಿಗೆ ಇದ್ದಂತೆಯೇ ಕಂಡರೂ ಕೆಲಸದಲ್ಲಿ ಇಲ್ಲದಂತಾಗುತ್ತದೆ. ಹರಿದ ಪೊರೆಯ ದುರಸ್ತಿಗೆ ಮಜ್ಜೆಯಿಂದ ರಕ್ತಕ್ಕೆ ಬರುವ ಮೂಲಕೋಶಗಳ ಸಂಖ್ಯೆಯೂ ಸೇದುವವರಲ್ಲಿ ಕಡಿಮೆ. ಹಾಗಾಗಿ ಸ್ಟೆಂಟನ್ನು ಮುಚ್ಚುವ ಕೆಲಸ ಎರಡು ಕಡೆಯಿಂದ ಕುಂಟುತ್ತದೆ.

ಇತ್ತ ಹಿಟ್ಟಿನ, ಅಂದರೆ ರಕ್ತದ, ಸ್ವಭಾವವೂ ಬದಲಾಗುತ್ತದೆ. ಸೇದಿದ ಸ್ವಲ್ಪ ಹೊತ್ತಿನಲ್ಲೇ ಪ್ಲೇಟ್‌ಲೆಟ್‌ಗಳ ಅಂಟುಗುಣ ಹೆಚ್ಚುತ್ತದೆ. ಗಡ್ಡೆಗೆ ನೂಲು ಒದಗಿಸುವ ಫೈಬ್ರಿನೋಜೆನ್ ಎಂಬ ಪ್ರೋಟೀನು ಸೇದುವವರ ರಕ್ತದಲ್ಲಿ ಹೆಚ್ಚಿರುತ್ತದೆ. ನಿಕೋಟಿನ್ ಅಡ್ರಿನಲಿನ್‌ ಅನ್ನು ಏರಿಸಿ ಎದೆಬಡಿತವನ್ನೂ ರಕ್ತದೊತ್ತಡವನ್ನೂ ಹೆಚ್ಚಿಸುತ್ತದೆ, ನಾಳವನ್ನು ಬಿಗಿಯಾಗಿಸುತ್ತದೆ. ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿದ ಬಲದಿಂದ ಹಿಮೋಗ್ಲೋಬಿನ್ನಿಗೆ ಅಂಟಿ ಆಮ್ಲಜನಕದ ಜಾಗ ಕಸಿಯುತ್ತದೆ. ಹೃದಯ ಹೆಚ್ಚು ದುಡಿಯಬೇಕಾದ ಹೊತ್ತಿನಲ್ಲೇ ಅದಕ್ಕೆ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ.

ಕಾವಲಿಯ ಹೋಲಿಕೆ ಇಲ್ಲಿಗೆ ನಿಲ್ಲಬೇಕು. ಕಾವಲಿಯ ಪದರ ನಿರ್ಜೀವ, ನಮ್ಮ ಒಳಪೊರೆಗೆ ಜೀವವಿದೆ. ಕೆಡಿಸುವುದನ್ನು ನಿಲ್ಲಿಸಿದರೆ ಅದು ತಾನಾಗಿ ಚೇತರಿಸಿಕೊಳ್ಳುತ್ತದೆ. ಈ ಅಧ್ಯಾಯದ ಸಂತೋಷದ ಸುದ್ದಿಯೆಲ್ಲ ಈ ಒಂದು ವ್ಯತ್ಯಾಸದಲ್ಲಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮತ್ತೆ ಬಂದ ಬ್ಲಾಕ್ ಯಾವುದು?

“ಸ್ಟಂಟ್ ಮತ್ತೆ ಬ್ಲಾಕ್ ಆತು” ಎಂದು ಜನ ಒಂದೇ ಮಾತಿನಲ್ಲಿ ಹೇಳುವುದರಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸೇರಿರುತ್ತವೆ. ಮೊದಲನೆಯದು ಸ್ಟೆಂಟಿನೊಳಗೆ ದಿಢೀರನೆ ಗಡ್ಡೆ ಕಟ್ಟುವುದು. ಎರಡನೆಯದು ಗೋಡೆಯ ಕೋಶಗಳು ಬೆಳೆದು ಸ್ಟೆಂಟ್ ತಿಂಗಳುಗಟ್ಟಲೆ ಮೆಲ್ಲಗೆ ಕಿರಿದಾಗುವುದು. ಮೂರನೆಯದು ಅದೇ ನಾಳದ ಇನ್ನೊಂದು ಕಡೆ ಅಥವಾ ಬೇರೆ ನಾಳದಲ್ಲಿ ಹೊಸ ಬ್ಲಾಕ್ ಒಡೆಯುವುದು.

ಎರಡನೆಯದರಲ್ಲಿ ಧೂಮಪಾನದ ಪಾಲು ಅಷ್ಟು ಸ್ಪಷ್ಟವಾಗಿ ಕಂಡಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಆ ವಿಷಯದಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ದೊಡ್ಡ ಶತ್ರು. ಮೊದಲನೆಯದು ಮತ್ತು ಮೂರನೆಯದರಲ್ಲಿ ಹೊಗೆಯ ಕೈ ಎದ್ದು ಕಾಣುತ್ತದೆ. ಮೂರನೆಯದನ್ನಂತೂ ನಾವು ತೀರಾ ಹಗುರವಾಗಿ ತೆಗೆದುಕೊಂಡಿದ್ದೇವೆ. 2011ರಲ್ಲಿ ಪ್ರಕಟವಾದ ಪ್ರಾಸ್ಪೆಕ್ಟ್ ಎಂಬ ಅಧ್ಯಯನ, ಸ್ಟೆಂಟ್ ಹಾಕಿಸಿಕೊಂಡ 697 ಹೃದ್ರೋಗಿಗಳ ಮೂರೂ ನಾಳಗಳನ್ನು ಒಳಗಿನಿಂದ ಚಿತ್ರಿಸಿ, ಸುಮಾರು ಮೂರು ವರ್ಷ ಅವರನ್ನು ಹಿಂಬಾಲಿಸಿತು. ಆಮೇಲೆ ಕಾಡಿದ ಹೃದಯದ ತೊಂದರೆಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಸ್ಟೆಂಟ್ ಹಾಕಿದ ಜಾಗದಿಂದ ಬಂದಿದ್ದರೆ, ಉಳಿದ ಅರ್ಧ ಯಾರೂ ಮುಟ್ಟದೆ ಬಿಟ್ಟ ಜಾಗಗಳಿಂದ ಬಂದಿತ್ತು. ಒಂದು ಸ್ಟೆಂಟ್ ಕಾಯುವುದು ಒಂದೂವರೆ-ಎರಡು ಸೆಂಟಿಮೀಟರ್ ಉದ್ದದ ನಾಳವನ್ನು, ಬಹಳವೆಂದರೆ ನಾಲ್ಕೈದು ಸೆಂಟಿಮೀಟರನ್ನು. ಹೊಗೆ ಹೋಗುವುದು ಎಲ್ಲ ನಾಳಗಳಿಗೂ.

ಸೇದುವವರೇ ಬದುಕುತ್ತಾರೆ ಎಂಬ ಲೆಕ್ಕ

ಈಗ ಆ ಮೂರನೆಯ ಪ್ರಶ್ನೆ. ಹೃದಯಾಘಾತವಾದ ಮೇಲೆ ಆಸ್ಪತ್ರೆಯಲ್ಲಿ ಧೂಮಪಾನಿಗಳ ಸಾವು ಕಡಿಮೆ ಎಂಬುದು ದಾಖಲೆಗಳಲ್ಲಿ ಮತ್ತೆ ಮತ್ತೆ ಕಂಡಿತು. ವೈದ್ಯರು ಇದನ್ನು ‘ಧೂಮಪಾನಿಯ ವಿರೋಧಾಭಾಸ’ ಎಂದೇ ಕರೆದರು. ಹೊಗೆ ಹೃದಯವನ್ನು ಗಟ್ಟಿ ಮಾಡುತ್ತದೆಯೇ?

ಬಿಡಿಸಿ ನೋಡಿದರೆ ಇದು ವಯಸ್ಸಿನ ಲೆಕ್ಕ. ಸೇದುವವರಿಗೆ ಹೃದಯಾಘಾತ ಸೇದದವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ. ಒಂದು ಹಾಸಿಗೆಯಲ್ಲಿ 46ರ ಧೂಮಪಾನಿ, ಪಕ್ಕದ ಹಾಸಿಗೆಯಲ್ಲಿ 63ರ, ಸಕ್ಕರೆ ಕಾಯಿಲೆ ಮತ್ತು ಮೂತ್ರಪಿಂಡದ ತೊಂದರೆಯಿರುವ, ಎಂದೂ ಸೇದದ ವ್ಯಕ್ತಿ ಎಂದುಕೊಳ್ಳಿ. ಇಬ್ಬರಲ್ಲಿ ಯಾರು ಬದುಕಿ ಹೋಗುವ ಸಾಧ್ಯತೆ ಹೆಚ್ಚು? ಕಿರಿಯನನ್ನು ಕಾಪಾಡಿದ್ದು ಅವನ ವಯಸ್ಸು. ಅವನನ್ನು ಅಷ್ಟು ಚಿಕ್ಕ ವಯಸ್ಸಿಗೆ ಆ ಹಾಸಿಗೆಗೆ ತಂದದ್ದು ಸಿಗರೇಟು. ಒಂದೇ ವಯಸ್ಸಿನ, ಒಂದೇ ಬಗೆಯ ಕಾಯಿಲೆಗಳಿರುವವರನ್ನು ಹೋಲಿಸಿದರೆ ಧೂಮಪಾನಿಯ ಮೇಲುಗೈ ಬಹುಮಟ್ಟಿಗೆ ಕರಗಿಹೋಗುತ್ತದೆ.

ಕಾಲ ಉದ್ದವಾದಂತೆ ಅದು ತಿರುಗಿಯೂ ಬೀಳುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ 1979ರಿಂದ 1995ರವರೆಗೆ ಬಲೂನು ಮುಂತಾದ ವಿಧಾನಗಳಿಂದ ಯಶಸ್ವಿಯಾಗಿ ನಾಳ ತೆರೆಸಿಕೊಂಡ 5,437 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಲಾಯಿತು. ಚಿಕಿತ್ಸೆಯ ನಂತರವೂ ಸೇದುತ್ತಲೇ ಹೋದವರಲ್ಲಿ ಸಾವಿನ ಅಪಾಯ, ಎಂದೂ ಸೇದದವರಿಗಿಂತ ಶೇ. 76ರಷ್ಟು ಹೆಚ್ಚಿತ್ತು, ದೊಡ್ಡ ಹೃದಯಾಘಾತದ ಅಪಾಯ ಎರಡು ಪಟ್ಟು. ಚಿಕಿತ್ಸೆಯ ಹೊತ್ತಿಗೆ ಸೇದುವುದನ್ನು ಬಿಟ್ಟವರೊಂದಿಗೆ ಹೋಲಿಸಿದರೂ ಸೇದುತ್ತ ಹೋದವರ ಸಾವಿನ ಅಪಾಯ ಶೇ. 44ರಷ್ಟು ಹೆಚ್ಚು. ಸೇದುತ್ತ ಹೋದವರಲ್ಲಿ ಮರುಚಿಕಿತ್ಸೆ ಪಡೆದವರು ಕಡಿಮೆ ಎಂಬುದೂ ಅದೇ ಅಧ್ಯಯನದಲ್ಲಿ ಕಂಡಿತು. ಮರುಚಿಕಿತ್ಸೆ ಕಡಿಮೆ, ಸಾವು ಹೆಚ್ಚು: ಮೊದಲನೆಯದನ್ನು ಮಾತ್ರ ಎತ್ತಿಕೊಂಡು ಸಮಾಧಾನಪಡುವವರು ಎರಡನೆಯದನ್ನೂ ಓದಬೇಕು.

ಇದಕ್ಕೆ ಇನ್ನೊಂದು ಎಳೆಯಿದೆ. ಕ್ಲೋಪಿಡೋಗ್ರೆಲ್ ಮಾತ್ರೆ ಯಕೃತ್ತಿನಲ್ಲಿ ರೂಪ ಬದಲಿಸಿದ ಮೇಲಷ್ಟೇ ಕೆಲಸ ಮಾಡುತ್ತದೆ. ಹೊಗೆಯಲ್ಲಿರುವ ಕೆಲವು ವಸ್ತುಗಳು ಆ ಬದಲಾವಣೆಯಲ್ಲಿ ಭಾಗಿಯಾಗುವ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ. ಹಾಗಾಗಿ ಸೇದುವವರಲ್ಲಿ ಈ ಮಾತ್ರೆ ತುಸು ಜೋರಾಗಿ ಕೆಲಸ ಮಾಡುವಂತೆ ಪರೀಕ್ಷೆಗಳಲ್ಲಿ ಕಂಡಿದೆ. ಇದನ್ನು ಕೇಳಿ ‘ಹಾಗಾದರೆ ಸೇದುವುದೇ ಒಳ್ಳೆಯದಾಯಿತು’ ಎನ್ನುವವರಿದ್ದಾರೆ. ಆ ಚಿಕ್ಕ ಲಾಭ ಉಳಿದೆಲ್ಲ ನಷ್ಟವನ್ನು ತುಂಬಿಕೊಡುವುದಿಲ್ಲ ಎನ್ನುವುದಕ್ಕೆ ಸಾವಿನ ಲೆಕ್ಕವೇ ಸಾಕ್ಷಿ. ಟಿಕಾಗ್ರೆಲಾರ್, ಪ್ರಾಸುಗ್ರೆಲ್ ಮಾತ್ರೆಗಳಿಗೆ ಈ ಅವಲಂಬನೆ ಇಲ್ಲ. ಸೇದುವುದನ್ನು ಬಿಟ್ಟ ದಿನ ವೈದ್ಯರಿಗೆ ತಿಳಿಸಿದರೆ ಮಾತ್ರೆ ಬದಲಿಸಬೇಕೆ ಎಂದು ಅವರು ನೋಡುತ್ತಾರೆ.

ಹತ್ತು ವರ್ಷ ಸೇದಿಯೂ ನೆಟ್ಟಗಿರುವ ಮಾವನ ವಿಷಯ? ಅಂಥವರು ಇರುತ್ತಾರೆ. ಅಪಾಯ ಎಂಬುದು ಎಲ್ಲರ ಬಾಗಿಲನ್ನೂ ತಟ್ಟುವ ಶಿಕ್ಷೆಯಲ್ಲ. ಆದರೆ ಮಾವ ನಮ್ಮ ಕಣ್ಣೆದುರು ಅಂಗಡಿಯಲ್ಲಿ ಕೂತಿರುತ್ತಾನೆ. ಸತ್ತವರು ಸಾಕ್ಷಿ ಹೇಳಲು ಬರುವುದಿಲ್ಲ. ಬದುಕಿದವರನ್ನಷ್ಟೇ ಎಣಿಸಿದ ಯಾವ ಲೆಕ್ಕವೂ ಸರಿಯಾಗುವುದಿಲ್ಲ.

ಬೀಡಿ, ಒಂದೇ ಒಂದು, ಅಡಿಕೆಯ ಜೊತೆಗಿನದು

ಇದೆಲ್ಲ ವಿದೇಶದ ಲೆಕ್ಕ, ನಮ್ಮ ಮೈಗೆ ಅನ್ವಯಿಸದು ಎನ್ನುವಂತಿಲ್ಲ. ಬೆಂಗಳೂರಿನಲ್ಲಿ ಪ್ರೇಮ್ ಪೈಸ್ ಮತ್ತು ಸಂಗಡಿಗರು, ಮೊದಲ ಸಲ ಹೃದಯಾಘಾತವಾದ 200 ಜನರನ್ನು ಅದೇ ವಯಸ್ಸಿನ, ಹೃದಯಾಘಾತವಾಗದ 200 ಜನರೊಂದಿಗೆ ಹೋಲಿಸಿ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಎಲ್ಲಕ್ಕಿಂತ ದೊಡ್ಡ ಕಾರಣವಾಗಿ ಕಂಡದ್ದು ಸಿಗರೇಟು ಅಥವಾ ಬೀಡಿ. ಸೇದುವವರಲ್ಲಿ ಅಪಾಯ ಸುಮಾರು ಮೂರೂವರೆ ಪಟ್ಟು. ದಿನಕ್ಕೆ ಹತ್ತು ಅಥವಾ ಹೆಚ್ಚು ಸೇದುವವರಲ್ಲಿ ಆರೂವರೆ ಪಟ್ಟಿಗೂ ಮಿಕ್ಕಿ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ 2017ರಲ್ಲಿ 40 ವರ್ಷದೊಳಗಿನ ಹೃದ್ರೋಗಿಗಳಿಗಾಗಿಯೇ ಪ್ರತ್ಯೇಕ ದಾಖಲೆ ಆರಂಭಿಸಿತು. ಅಲ್ಲಿಯೂ ಕಾರಣಗಳ ಮೊದಲ ಸಾಲಿನಲ್ಲಿ ನಿಂತಿರುವುದು ಧೂಮಪಾನ.

ಬೀಡಿ ಎಲೆಯಲ್ಲಿ ಸುತ್ತಿದ್ದು, ಕಾಗದವಿಲ್ಲ, ಆದ್ದರಿಂದ ಕೆಡುಕು ಕಡಿಮೆ ಎಂದು ನಂಬಿದವರು ಮಂಡಿಪೇಟೆಯಲ್ಲೂ ಇದ್ದಾರೆ, ಹರಿಹರದ ಕಾರ್ಖಾನೆಗಳ ಗೇಟಿನ ಮುಂದೆಯೂ ಇದ್ದಾರೆ. ಬೀಡಿ ಸುತ್ತುವ ತೂಪ್ರದ ಎಲೆ ಸುಲಭವಾಗಿ ಉರಿಯುವುದಿಲ್ಲ. ಆರದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಅದರಿಂದ ಒಳಗೆ ಹೋಗುವ ಕಾರ್ಬನ್ ಮಾನಾಕ್ಸೈಡ್ ಹೆಚ್ಚು. 52 ದೇಶಗಳ 27,000ಕ್ಕೂ ಹೆಚ್ಚು ಜನರನ್ನು ಒಳಗೊಂಡ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಬೀಡಿ ಸೇದುವವರ ಹೃದಯಾಘಾತದ ಅಪಾಯ ಸುಮಾರು ಮೂರು ಪಟ್ಟು. ಸಿಗರೇಟಿನದೂ ಅಷ್ಟೇ. ಹೊಗೆಯಿಲ್ಲದ, ಅಗಿಯುವ ತಂಬಾಕಿನದು ಎರಡು ಪಟ್ಟಿಗೂ ಹೆಚ್ಚು. ಎರಡೂ ಚಟವಿದ್ದವರದು ನಾಲ್ಕು ಪಟ್ಟು. ಅಡಿಕೆ ಬೆಳೆಯುವ ಚನ್ನಗಿರಿ ಇದೇ ಜಿಲ್ಲೆಯಲ್ಲಿದೆ. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಬಾಯಿಗೆ ಹಾಕಿಕೊಳ್ಳುವುದನ್ನು ಇಲ್ಲಿ ಚಟವೆಂದು ಎಣಿಸುವವರೇ ಕಡಿಮೆ. ಸಿಗರೇಟು ಬಿಟ್ಟು ಅದಕ್ಕೆ ಹೊರಳಿದವರು ಹೃದಯದ ಮಟ್ಟಿಗೆ ಪೂರ್ತಿ ಪಾರಾಗಿಲ್ಲ.

ಇನ್ನೊಂದು ಸಮಾಧಾನ: “ಇಪ್ಪತ್ತು ಸೇದ್ತಿದ್ದೆ, ಈಗ ದಿನಕ್ಕೆ ಒಂದೇ.” ಕ್ಯಾನ್ಸರಿನ ಲೆಕ್ಕದಲ್ಲಿ ಇದಕ್ಕೆ ಅರ್ಥವಿದೆ. ಹೃದಯದ ಲೆಕ್ಕ ಬೇರೆ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಇಪ್ಪತ್ತು ಸಿಗರೇಟು ತರುವ ಹೆಚ್ಚುವರಿ ಅಪಾಯದ ಸುಮಾರು ಅರ್ಧವನ್ನು ದಿನಕ್ಕೊಂದೇ ಸಿಗರೇಟು ತರುತ್ತದೆಂದು ಕಂಡಿತು. ಅಂಟುವ ಪ್ಲೇಟ್‌ಲೆಟ್‌ಗಳನ್ನು ಎಬ್ಬಿಸಲು ಬಹಳ ಹೊಗೆ ಬೇಕಿಲ್ಲ. ಜಪಾನಿನ ಒಂದು ಪ್ರಯೋಗದಲ್ಲಿ, ಎಂದೂ ಸೇದದ ಆರೋಗ್ಯವಂತ ಯುವಕರು ಸಿಗರೇಟಿನ ಹೊಗೆಯಿದ್ದ ಕೋಣೆಯಲ್ಲಿ ಅರ್ಧ ಗಂಟೆ ಕೂತರು. ಹೊರಬಂದಾಗ ಅವರ ಹೃದಯದ ನಾಳಗಳು ಅಗತ್ಯಕ್ಕೆ ತಕ್ಕಂತೆ ಹಿಗ್ಗುವ ಶಕ್ತಿ ಧೂಮಪಾನಿಗಳ ಮಟ್ಟಕ್ಕೆ ಇಳಿದಿತ್ತು. ಸ್ಟೆಂಟ್ ಹಾಕಿಸಿಕೊಂಡ ತಂದೆಯ ಪಕ್ಕ ಕೂತು ಸೇದುವ ಮಗ ಇದನ್ನು ಓದಬೇಕು.

ಬಿಟ್ಟವರ ಮೈಯಲ್ಲಿ ಆಗುವುದು

ಒಳಪೊರೆಗೆ ಜೀವವಿದೆ ಎಂದಿದ್ದೆ. ಕೊನೆಯ ಸಿಗರೇಟಿನ ಒಂದೆರಡು ದಿನದಲ್ಲಿ ರಕ್ತದ ಕಾರ್ಬನ್ ಮಾನಾಕ್ಸೈಡ್ ಇಳಿದುಹೋಗುತ್ತದೆ. ಪ್ಲೇಟ್‌ಲೆಟ್‌ನ ಆಯುಸ್ಸು ಎಂಟು-ಹತ್ತು ದಿನ ಮಾತ್ರ, ಆದ್ದರಿಂದ ಎರಡು ವಾರದೊಳಗೆ ಹೊಗೆ ಕಾಣದ ಹೊಸ ಪೀಳಿಗೆಯೇ ರಕ್ತದಲ್ಲಿ ಓಡಾಡುತ್ತಿರುತ್ತದೆ. ದುರಸ್ತಿಯ ಮೂಲಕೋಶಗಳು ವಾರಗಳಲ್ಲಿ ಮರಳುತ್ತವೆ, ನೈಟ್ರಿಕ್ ಆಕ್ಸೈಡ್ ಸುಧಾರಿಸುತ್ತದೆ. ಅಂದರೆ ಸ್ಟೆಂಟ್ ಪಳಗಬೇಕಾದ ಆ ಮೊದಲ ತಿಂಗಳುಗಳಲ್ಲಿ ಸೇದದೆ ಇರುವುದಕ್ಕೆ ವಿಶೇಷ ಬೆಲೆಯಿದೆ. ಹೃದ್ರೋಗ ಬಂದ ಮೇಲೆ ಧೂಮಪಾನ ಬಿಟ್ಟವರ ಬಗ್ಗೆ ನಡೆದ 20 ಅಧ್ಯಯನಗಳನ್ನು ಕೂಡಿಸಿ 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಬಿಟ್ಟವರಲ್ಲಿ ಸಾವು ಶೇ. 36ರಷ್ಟು ಕಡಿಮೆ. ನಾವು ದುಡ್ಡು ಕೊಟ್ಟು ತರುವ ಹೃದಯದ ಮಾತ್ರೆಗಳಲ್ಲಿ ಯಾವುದೊಂದರ ಲಾಭಕ್ಕೂ ಇದು ಕಡಿಮೆಯಿಲ್ಲ.

2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಔಷಧಿ ಲೇಪಿತ ಸ್ಟೆಂಟಿನ ಬೆಲೆಗೆ 29,600 ರೂಪಾಯಿಯ ಮಿತಿ ಹಾಕಿತು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಗಡ್ಡೆ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಕರ್ನಾಟಕಕ್ಕೆ ಬಂದಿದೆ. ಇವೆಲ್ಲ ಬಡವರ ಪ್ರಾಣ ಉಳಿಸುವ ದೊಡ್ಡ ಕೆಲಸಗಳು. ಆದರೆ ಅಷ್ಟೆಲ್ಲ ಮಾಡಿ ಉಳಿಸಿದ ರೋಗಿಯನ್ನು ಮನೆಗೆ ಕಳಿಸುವಾಗ “ಸಿಗರೇಟು ಬಿಡಿ” ಎಂಬ ಎರಡು ಪದ ಹೇಳಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ನಿಕೋಟಿನ್ ಮಿದುಳಿನ ಚಟ. ಯುರೋಪಿನ ಸಮೀಕ್ಷೆಗಳಲ್ಲಿ, ಹೃದ್ರೋಗಕ್ಕೆ ಚಿಕಿತ್ಸೆ ಪಡೆದ ಧೂಮಪಾನಿಗಳಲ್ಲಿ ಸುಮಾರು ಅರ್ಧದಷ್ಟು ಜನ ಮತ್ತೆ ಸೇದುತ್ತಲೇ ಇದ್ದರು. ಅವರೆಲ್ಲ ಮನಸ್ಸು ಗಟ್ಟಿಯಿಲ್ಲದವರು ಎಂದು ಬೈದು ಕೈತೊಳೆದುಕೊಳ್ಳುವುದು ಅನ್ಯಾಯ. ನಿಕೋಟಿನ್ ಚೂಯಿಂಗ್ ಗಮ್, ಪಟ್ಟಿ, ವರೆನಿಕ್ಲಿನ್‌ನಂಥ ಮಾತ್ರೆ, ಜೊತೆಗೆ ಆಪ್ತ ಸಲಹೆ — ಇವು ಸೇರಿದರೆ ಬಿಡುವವರ ಸಂಖ್ಯೆ ಹೆಚ್ಚುತ್ತದೆ. ಹೃದ್ರೋಗಿಗಳಿಗೆ ಇವುಗಳಲ್ಲಿ ಯಾವುದು ಹೊಂದುತ್ತದೆಂದು ಹೃದಯತಜ್ಞರನ್ನೇ ಕೇಳಬೇಕು.

ಸ್ಟೆಂಟ್ ಹಾಕಿಸಿಕೊಂಡವರಿಗೆ ಮತ್ತೊಂದು ಮಾತು. ಹಲ್ಲು ಕೀಳಿಸುವುದಿದೆ, ಊರಿಗೆ ಹೋಗುವುದಿದೆ, ಈಗ ಆರಾಮಾಗಿದ್ದೇನೆ ಎಂಬ ಕಾರಣಗಳಿಗೆ ಆ ಎರಡು ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಸ್ಟೆಂಟಿನಲ್ಲಿ ಗಡ್ಡೆ ಕಟ್ಟುವುದಕ್ಕೆ ಮಾತ್ರೆಯನ್ನು ಅವಧಿಗೆ ಮುನ್ನ ನಿಲ್ಲಿಸುವುದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ. ಎದೆಯಲ್ಲಿ ಒತ್ತಿದಂಥ ನೋವು, ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು ಬಂದರೆ ಗ್ಯಾಸ್ ಇರಬಹುದೆಂದು ಕಾಯದೆ ಇಸಿಜಿ ಇರುವ ಆಸ್ಪತ್ರೆಗೆ ಹೋಗಿ.

ಸಿಗರೇಟು, ಬೀಡಿ, ಗುಟ್ಕಾ ಬಿಡಲು ಮನಸ್ಸು ಮಾಡಿದವರಿಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿಯಿದೆ: 1800-11-2356. ಈ ಸಂಖ್ಯೆ ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿರುತ್ತದೆ. ಸಲಹೆಗಾರರು ಕನ್ನಡದಲ್ಲೂ ಮಾತನಾಡುತ್ತಾರೆ. ಮುಂದಿನ ಪ್ಯಾಕು ಒಡೆಯುವ ಮೊದಲು ಆ ಸಂಖ್ಯೆಗೆ ಕರೆ ಮಾಡಿ.